ಗನ್ ಹಿಡಿದ ಆಟ, ಕಿತ್ತುಕೊಂಡ ಫೋನ್: ಮಕ್ಕಳ ಸಿಟ್ಟು ಬರುವುದು ಎಲ್ಲಿಂದ?

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಎರಡೇ ದಿನದಲ್ಲಿ ಪಾಸ್ ಮಾಡಿತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಡ್ರೀಮ್11 ಥರದ ಆ್ಯಪ್‌ಗಳು ದುಡ್ಡಿನ ಸ್ಪರ್ಧೆ ನಿಲ್ಲಿಸಿಬಿಟ್ಟವು. ‘ಸದ್ಯ, ಗೇಮ್ ಬ್ಯಾನ್ ಆಯ್ತು’ ಎಂದುಕೊಂಡ ತಂದೆ ತಾಯಿಗೆ ಮಾತ್ರ ಒಂದು ವಿಷಯ ಅರ್ಥವಾಗಲಿಲ್ಲ. ಮಗ ಅದೇ ಫೋನಿನಲ್ಲಿ, ಅದೇ ಬಿಜಿಎಂಐ ಎಂಬ ಗುಂಡು ಹಾರಿಸುವ ಆಟದಲ್ಲಿ, ಅದೇ ಗನ್ ಹಿಡಿದು ಆಡುತ್ತಲೇ ಇದ್ದಾನಲ್ಲ? ಹಾಗಾದರೆ ಬ್ಯಾನ್ ಆಗಿದ್ದು ಏನು?

ಬ್ಯಾನ್ ಆಗಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳು. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ. ಇ-ಸ್ಪೋರ್ಟ್ಸ್‌ಗೆ, ಅಂದರೆ ವಿಡಿಯೊ ಗೇಮ್‌ಗಳ ಕ್ರೀಡಾ ಸ್ಪರ್ಧೆಗೆ, ಇದೇ ಕಾಯ್ದೆ ಪ್ರೋತ್ಸಾಹವನ್ನೂ ಕೊಡುತ್ತದೆ. ಅಂದರೆ ದುಡ್ಡಿಟ್ಟು ಆಡುವ ಆನ್‌ಲೈನ್ ರಮ್ಮಿ ತಪ್ಪು. ನೂರು ಜನ ಒಬ್ಬರನ್ನೊಬ್ಬರು ಗುಂಡಿಕ್ಕಿ ಕೊಲ್ಲುತ್ತಾ ಕೊನೆಗೆ ಉಳಿದವನು ಗೆಲ್ಲುವ ಆಟ ತಪ್ಪಲ್ಲ, ಯಾಕೆಂದರೆ ಅಲ್ಲಿ ಪಣವಿಲ್ಲ.

ಗನ್ ಆಟ ಮಕ್ಕಳನ್ನು ಹಿಂಸೆಗೆ ಇಳಿಸುತ್ತದಾ ಎಂಬ ಪ್ರಶ್ನೆಯನ್ನು ಈ ಕಾಯ್ದೆ ಕೇಳಿಯೇ ಇಲ್ಲ.

ಹಿಂದಿನ ಬ್ಯಾನ್‌ಗಳ ಕಥೆಯೂ ಇಷ್ಟೇ

2020ರ ಸೆಪ್ಟೆಂಬರ್ 2ರಂದು ಪಬ್ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ತಡೆಯಿತು. ಚೀನಾ ಜೊತೆಗಿನ ಗಲ್ವಾನ್ ಘರ್ಷಣೆಯ ಬಿಸಿ ಇನ್ನೂ ಆರಿರಲಿಲ್ಲ. ಐಟಿ ಕಾಯ್ದೆಯ 69ಎ ಕಲಂ ಬಳಸಿ, ದೇಶದ ಭದ್ರತೆ ಮತ್ತು ಜನರ ಡೇಟಾದ ಕಾರಣ ಕೊಟ್ಟರು. ಮನೆಗಳಲ್ಲಿ ಮಾತ್ರ ‘ಮಕ್ಕಳು ಹಾಳಾಗ್ತಿದ್ರು ಅಂತ ಬ್ಯಾನ್ ಮಾಡಿದ್ರು’ ಎಂದೇ ಮಾತಾಯಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ವಾಪಸ್ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯಿತು, ಅದೇ ವರ್ಷ ಜುಲೈನಲ್ಲಿ ಬಿಜಿಎಂಐ ಕೂಡ ಹೋಯಿತು. 2023ರ ಮೇ ತಿಂಗಳಲ್ಲಿ ಮೂರು ತಿಂಗಳ ಪರೀಕ್ಷೆಯ ಷರತ್ತಿನ ಮೇಲೆ ಬಿಜಿಎಂಐ ಮತ್ತೆ ಬಂತು.

ಹಿಂಸೆಯ ಕಾರಣಕ್ಕೇ ಆದ ಬ್ಯಾನ್ ಹುಡುಕಿದರೆ 2019ರ ಮಾರ್ಚ್‌ನ ರಾಜ್‌ಕೋಟ್ ನೆನಪಾಗುತ್ತದೆ. ಆಟದಿಂದ ಮಕ್ಕಳ ನಡತೆ ಕೆಡುತ್ತದೆ ಎಂದು ಅಲ್ಲಿನ ಪೊಲೀಸರು ಪಬ್ಜಿ ನಿಷೇಧಿಸಿ, ಆಡುತ್ತಿದ್ದ ಹುಡುಗರನ್ನು ಬಂಧಿಸಿಯೂ ಬಿಟ್ಟರು. ಅದು ಕೆಲವು ವಾರಗಳ ಸ್ಥಳೀಯ ಆದೇಶ. ದೇಶದ ಮಟ್ಟದ ಬ್ಯಾನ್‌ಗಳೆಲ್ಲ ಡೇಟಾ, ಗಡಿ ಅಥವಾ ದುಡ್ಡಿಗೆ ಸಂಬಂಧಪಟ್ಟವು.

ಇದರಿಂದ ಒಂದು ತೊಂದರೆಯಾಗಿದೆ. ಪ್ರತಿ ಬ್ಯಾನ್ ಬಂದಾಗಲೂ ಆಟ ಕೆಟ್ಟದ್ದು ಅಂತ ಸರ್ಕಾರವೇ ಒಪ್ಪಿತು ಎಂದು ಪೋಷಕರು ತಿಳಿಯುತ್ತಾರೆ. ಪ್ರತಿ ಬಾರಿ ಆಟ ವಾಪಸ್ ಬಂದಾಗ, ಅದರಲ್ಲಿ ತಪ್ಪೇನೂ ಇಲ್ಲವಂತೆ ಎಂದು ಮಕ್ಕಳು ತಿಳಿಯುತ್ತಾರೆ. ಎರಡೂ ತೀರ್ಮಾನಕ್ಕೆ ಆಧಾರವಿಲ್ಲ.

ಕಾಕತಿಯಲ್ಲಿ ಜಗಳ ನಡೆದಿದ್ದು ಯಾವುದರ ಮೇಲೆ?

2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಯುವಕನೊಬ್ಬ ತನ್ನ ತಂದೆಯನ್ನೇ ಕೊಂದ. ಮೊಬೈಲ್‌ನಲ್ಲಿ ಪಬ್ಜಿ ಆಡುವುದಕ್ಕೆ ತಂದೆ ಅಡ್ಡಿ ಮಾಡಿದ್ದರು ಎಂದು ವರದಿಯಾಯಿತು. 2022ರ ಜೂನ್‌ನಲ್ಲಿ ಲಖನೌದಲ್ಲಿ 16 ವರ್ಷದ ಹುಡುಗ ತಾಯಿಗೆ ಗುಂಡು ಹೊಡೆದ. ಅಲ್ಲೂ ಆಟ ಆಡಬೇಡ ಎಂದಿದ್ದೇ ಕಾರಣ ಎಂದು ಪೊಲೀಸರು ಮೊದಲು ಹೇಳಿದರು. ಕೈಗೆ ಸಿಕ್ಕಿದ್ದು ತಂದೆಯ ಲೈಸೆನ್ಸ್ ಇದ್ದ ಪಿಸ್ತೂಲು.

ಎರಡೂ ಸುದ್ದಿ ‘ಪಬ್ಜಿ ಕೊಲೆ’ ಎಂದೇ ಓಡಿದವು. ಆದರೆ ಸ್ವಲ್ಪ ನಿಂತು ನೋಡಿ. ಆಟದಲ್ಲಿ ಗುಂಡು ಹೊಡೆದು ಹೊಡೆದು ಕೊಲ್ಲುವುದನ್ನು ಕಲಿತರು ಎನ್ನುವುದು ಒಂದು ವಾದ. ಆಟ ಬಿಡಿಸಲು ಹೋದಾಗ ಸಿಟ್ಟು ಮಿತಿ ಮೀರಿತು ಎನ್ನುವುದು ಇನ್ನೊಂದು. ಹೊರಗಿನಿಂದ ಒಂದೇ ಥರ ಕಾಣುತ್ತವೆ, ಒಳಗೆ ಪೂರ್ತಿ ಬೇರೆ. ಮೊದಲನೆಯದರಲ್ಲಿ ತಪ್ಪು ಆಟದ ರಕ್ತದ್ದು. ಎರಡನೆಯದರಲ್ಲಿ ತಪ್ಪು ಅಂಟಿಕೊಳ್ಳುವಿಕೆಯದ್ದು. ಕಾಕತಿಯ ವರದಿಯಲ್ಲಿ ಕಾಣುವುದು ಎರಡನೆಯದು. ಆ ಜಾಗದಲ್ಲಿ ಗನ್ ಇಲ್ಲದ ಬೇರೆ ಯಾವುದೋ ಆಟ ಇದ್ದಿದ್ದರೂ ಫೋನ್ ಕಿತ್ತುಕೊಳ್ಳುವ ಜಗಳ ನಡೆಯುತ್ತಿತ್ತು, ಅಲ್ವಾ?

ಆಟಕ್ಕೆ ಅಂಟಿಕೊಂಡ ಮಕ್ಕಳೆಲ್ಲ ಕೊಲೆಗಾರರಾಗುವುದಿಲ್ಲ. ಆ ಮನೆಗಳಲ್ಲಿ ಇನ್ನೇನಿತ್ತು ಎಂಬುದನ್ನು ಮೂರು ಸಾಲಿನ ಸುದ್ದಿ ಹೇಳಲಾರದು. ಆಟದ ಹೆಸರು ತಲೆಬರಹಕ್ಕೆ ಹೋದ ಮೇಲೆ ಉಳಿದ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ, ನಷ್ಟ ಅಲ್ಲಿದೆ.

2017ರ ಬ್ಲೂ ವೇಲ್, ಅಂದರೆ ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತದೆ ಎನ್ನಲಾದ ಆನ್‌ಲೈನ್ ಸವಾಲಿನ ಭಯ ನೆನಪಿದೆಯಾ? ದೇಶದ ಎಲ್ಲೆಡೆ ಮಕ್ಕಳ ಸಾವುಗಳಿಗೆ ಆ ‘ಆಟ’ವೇ ಕಾರಣ ಎಂದು ಸುದ್ದಿ ಹಬ್ಬಿತು. ಸರ್ಕಾರ ತನಿಖೆ ಮಾಡಿಸಿ, ಆ ಸಾವುಗಳಿಗೆ ಬ್ಲೂ ವೇಲ್ ಸಂಬಂಧ ಇದೆ ಎನ್ನುವುದು ಸಾಬೀತಾಗಿಲ್ಲ ಎಂದು 2018ರ ಜನವರಿಯಲ್ಲಿ ಲೋಕಸಭೆಗೆ ಹೇಳಿತು. ಆ ಮಕ್ಕಳ ನಿಜವಾದ ನೋವು ಏನಿತ್ತೋ, ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ.

‘ಐದೇ ನಿಮಿಷ’ ಎನ್ನುವುದು ಸುಳ್ಳಲ್ಲ

ಒಂದು ಪಂದ್ಯವನ್ನು ಹತ್ತಿರದಿಂದ ನೋಡೋಣ. ನೂರು ಜನ ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಒಂದು ದ್ವೀಪಕ್ಕೆ ಇಳಿಯುತ್ತಾರೆ. ಕೈಯಲ್ಲಿ ಏನೂ ಇರುವುದಿಲ್ಲ. ಮನೆಗಳಿಗೆ ನುಗ್ಗಿ ಗನ್, ಹೆಲ್ಮೆಟ್, ಬ್ಯಾಂಡೇಜ್ ಹುಡುಕಬೇಕು. ಮ್ಯಾಪಿನ ಮೇಲೆ ಒಂದು ವೃತ್ತ ಸಣ್ಣದಾಗುತ್ತಾ ಹೋಗುತ್ತದೆ. ಹೊರಗೆ ಉಳಿದರೆ ಸಾವು. ಹಾಗಾಗಿ ಉಳಿದವರೆಲ್ಲ ಒಂದೇ ಕಡೆ ಒತ್ತಿಕೊಂಡು ಬರುತ್ತಾರೆ. ಮೊದಲ ಹತ್ತು ನಿಮಿಷ ನಿಧಾನ, ಕೊನೆಯ ಐದು ನಿಮಿಷ ಉಸಿರು ಬಿಗಿ ಹಿಡಿಯುವ ಹಾಗೆ. ಪೂರ್ತಿ ಪಂದ್ಯ ಅರ್ಧ ಗಂಟೆಯ ಹತ್ತಿರ ಹೋಗುತ್ತದೆ.

ಆಟವನ್ನು ನಡುವೆ ನಿಲ್ಲಿಸಿಡುವ ಪಾಜ್ ಬಟನ್ ಇಲ್ಲ. ನಾಲ್ವರ ಸ್ಕ್ವಾಡ್‌ನಲ್ಲಿ ಆಡುತ್ತಿದ್ದರೆ ಉಳಿದ ಮೂವರು ಇಯರ್‌ಫೋನಿನಲ್ಲಿ ಮಾತಾಡುತ್ತಿರುತ್ತಾರೆ. ಹೆಚ್ಚಾಗಿ ಕ್ಲಾಸಿನ ಗೆಳೆಯರೇ. ಅಡುಗೆಮನೆಯಿಂದ ‘ಊಟಕ್ಕೆ ಬಾರೋ’ ಎಂಬ ಕೂಗು ಬರುವುದು ಸಾಮಾನ್ಯವಾಗಿ ಆ ಕೊನೆಯ ಐದು ನಿಮಿಷದಲ್ಲೇ ಎಂದು ಹುಡುಗರಿಗೆ ಅನಿಸುತ್ತದೆ. ಈಗ ಎದ್ದರೆ ಇಪ್ಪತ್ತೈದು ನಿಮಿಷದ ಶ್ರಮ ಹೋಯಿತು, ಗೆಳೆಯರನ್ನು ನಡುನೀರಿನಲ್ಲಿ ಬಿಟ್ಟ ಹಾಗಾಯಿತು, ನಾಳೆ ಶಾಲೆಯಲ್ಲಿ ಮಾತು ಕೇಳಬೇಕು. ಅಮ್ಮನಿಗೆ ಕಾಣುವುದು ಹಟ. ಅವನಿಗೆ ಕಾಣುವುದು ಆಟ ಕೆಡಿಸುವ ಅನ್ಯಾಯ.

ಆ ಕ್ಷಣಕ್ಕೆ ಸಿಟ್ಟು ಬರುವುದರಲ್ಲಿ ಗನ್ನಿನ ಪಾತ್ರ ಕಡಿಮೆ. ಎದೆ ಡವಡವ ಅನ್ನುತ್ತಿರುವಾಗ, ಸೋಲು ಗೆಲುವಿನ ತುದಿಯಲ್ಲಿರುವಾಗ ತಡೆದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಕೊನೇ ಓವರ್‌ನಲ್ಲಿ ಕರೆಂಟ್ ಹೋದಾಗ ದೊಡ್ಡವರು ಏನು ಮಾಡುತ್ತಾರೆ ಎಂದು ನೆನಪಿಸಿಕೊಂಡರೆ ಸಾಕು. ಇದಕ್ಕೆ ನಿದ್ದೆ ಕೆಡುವುದನ್ನು ಸೇರಿಸಿ. ರಾತ್ರಿ ಎರಡರವರೆಗೆ ಆಡಿ ಬೆಳಗ್ಗೆ ಏಳಕ್ಕೆ ಎದ್ದ ಹುಡುಗನಿಗೆ ಸಣ್ಣ ಮಾತೂ ಚುಚ್ಚುತ್ತದೆ.

ಲ್ಯಾಬಿನಲ್ಲಿ ಸಿಟ್ಟನ್ನು ಅಳೆಯುವುದು ಹೇಗೆ

ಹಾಗಾದರೆ ಗನ್ನಿಗೆ ಯಾವ ಪಾತ್ರವೂ ಇಲ್ಲವೇ? ಇಲ್ಲಿ ವಿಜ್ಞಾನಿಗಳಲ್ಲೇ ಎರಡು ಬಣ.

ಕಥೆ ಶುರುವಾಗುವುದು 1961ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನ ನರ್ಸರಿಯಲ್ಲಿ. ಆಲ್ಬರ್ಟ್ ಬಂಡೂರ ಮತ್ತು ಜೊತೆಗಾರರು 72 ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಗಾಳಿ ತುಂಬಿದ ಬೋಬೋ ಗೊಂಬೆಯೊಂದು ಕೋಣೆಯಲ್ಲಿತ್ತು. ಹೊಡೆದರೆ ಬಿದ್ದು ಮತ್ತೆ ಎದ್ದು ನಿಲ್ಲುವ ಥರದ್ದು. ದೊಡ್ಡವರೊಬ್ಬರು ಬಂದು ಅದನ್ನು ಸುತ್ತಿಗೆಯಿಂದ ಬಡಿದರು, ಒದ್ದರು, ಬೈದರು. ಕೆಲವು ಮಕ್ಕಳು ಅದನ್ನು ನೋಡಿದರು. ಆಮೇಲೆ ಗೊಂಬೆಯ ಜೊತೆ ಬಿಟ್ಟಾಗ ಆ ಮಕ್ಕಳೂ ಹಾಗೇ ಬಡಿದರು. 1963ರಲ್ಲಿ ಇದನ್ನೇ ಫಿಲಂನಲ್ಲಿ ತೋರಿಸಿ ನೋಡಿದಾಗಲೂ ಮಕ್ಕಳು ಅನುಕರಿಸಿದರು.

ಮುಂದಿನ ಪ್ರಯೋಗದಲ್ಲಿ ಇನ್ನೂ ಮುಖ್ಯವಾದದ್ದು ಕಂಡಿತು. ಹೊಡೆದವನಿಗೆ ಶಿಕ್ಷೆ ಆಗಿದ್ದನ್ನು ನೋಡಿದ ಮಕ್ಕಳು ಕಡಿಮೆ ಹೊಡೆದರು. ಆದರೆ ‘ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ’ ಎಂದಾಗ ಅವರೂ ಎಲ್ಲವನ್ನೂ ಮಾಡಿ ತೋರಿಸಿದರು. ಅಂದರೆ ನೋಡಿ ಕಲಿಯುವುದು ಬೇರೆ, ಕಲಿತದ್ದನ್ನು ಮಾಡುವುದು ಬೇರೆ. ಮಾಡುವುದು ಬಿಡುವುದು ಸುತ್ತಲಿನವರು ಏನೆನ್ನುತ್ತಾರೆ ಎಂಬುದರ ಮೇಲೆ ನಿಂತಿದೆ. ವಿಮರ್ಶಕರ ಆಕ್ಷೇಪವೂ ನ್ಯಾಯವಾದದ್ದೇ: ಹೊಡೆಯಲೆಂದೇ ಮಾಡಿದ ಗೊಂಬೆಗೆ ಹೊಡೆದರೆ ಅದು ಹಿಂಸೆಯೋ ಆಟವೋ?

ವಿಡಿಯೊ ಗೇಮ್ ಕಾಲಕ್ಕೆ ಗೊಂಬೆಯ ಜಾಗಕ್ಕೆ ಶಬ್ದ ಬಂತು. ಕಾಲೇಜು ವಿದ್ಯಾರ್ಥಿಯೊಬ್ಬ ಸ್ವಲ್ಪ ಹೊತ್ತು ಹಿಂಸೆಯ ಆಟ ಆಡುತ್ತಾನೆ. ಆಮೇಲೆ ಇನ್ನೊಂದು ಕೋಣೆಯಲ್ಲಿ ಇದ್ದಾನೆ ಎನ್ನಲಾದ ಎದುರಾಳಿಯ ಜೊತೆ ಬೇಗ ಬಟನ್ ಒತ್ತುವ ಸ್ಪರ್ಧೆ. ಗೆದ್ದರೆ ಎದುರಾಳಿಯ ಕಿವಿಗೆ ಕರ್ಕಶ ಶಬ್ದ ಕಳಿಸಬಹುದು. ಎಷ್ಟು ಜೋರು, ಎಷ್ಟು ಹೊತ್ತು ಎನ್ನುವುದು ಅವನ ಇಷ್ಟ. ಅದೇ ಅವನ ಸಿಟ್ಟಿನ ಅಳತೆ. ಎದುರಾಳಿ ನಿಜವಾಗಿ ಇರುವುದೇ ಇಲ್ಲ.

ಈ ಅಳತೆಯಲ್ಲೊಂದು ದೊಡ್ಡ ತೂತಿದೆ. ಜೋರನ್ನು ಲೆಕ್ಕ ಹಾಕಬೇಕೋ, ಹೊತ್ತನ್ನೋ, ಮೊದಲ ಶಬ್ದವನ್ನೋ, ಎಲ್ಲದರ ಸರಾಸರಿಯನ್ನೋ? ಬೇರೆ ಬೇರೆ ಸಂಶೋಧನೆಗಳು ಇದನ್ನು ನೂರಕ್ಕೂ ಹೆಚ್ಚು ಬಗೆಯಲ್ಲಿ ಲೆಕ್ಕ ಹಾಕಿವೆ. ಇಷ್ಟು ಬಾಗಿಲು ತೆರೆದಿದ್ದರೆ ಬೇಕಾದ ಉತ್ತರ ಯಾವುದಾದರೂ ಒಂದರಿಂದ ಬಂದೇ ಬರುತ್ತದೆ.

ಪರಿಣಾಮ ಇದೆ, ಆದರೆ ಎಷ್ಟು?

ಒಂದು ಬಣದ ಮುಂದಾಳು ಕ್ರೇಗ್ ಆ್ಯಂಡರ್ಸನ್. ಅವರ ತಂಡ 2010ರಲ್ಲಿ ನೂರಾರು ಫಲಿತಾಂಶಗಳನ್ನು ಒಟ್ಟು ಸೇರಿಸಿ, ಹಿಂಸೆಯ ಆಟಕ್ಕೂ ಜಗಳಗಂಟತನಕ್ಕೂ ನಂಟಿದೆ ಎಂದಿತು. ಎದುರು ಬಣದ ಕ್ರಿಸ್ಟೋಫರ್ ಫರ್ಗ್ಯುಸನ್, ಮನೆಯ ಹಿಂಸೆ, ಹುಟ್ಟು ಸ್ವಭಾವ, ಗಂಡು ಹೆಣ್ಣಿನ ವ್ಯತ್ಯಾಸ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಆ ನಂಟು ಹೆಚ್ಚುಕಡಿಮೆ ಕರಗಿಹೋಗುತ್ತದೆ ಎನ್ನುತ್ತಾರೆ. ಸಿಡುಕಿನ ಹುಡುಗರೇ ಗನ್ ಆಟ ಆರಿಸಿಕೊಳ್ಳುತ್ತಿದ್ದರೆ? ಆಗ ಕಾರಣ ಯಾವುದು, ಪರಿಣಾಮ ಯಾವುದು?

ಇದನ್ನು ಬಿಡಿಸಲು ಒಂದೇ ಮಕ್ಕಳನ್ನು ಕಾಲಾಂತರದಲ್ಲಿ ಹಿಂಬಾಲಿಸಬೇಕು. 2018ರಲ್ಲಿ ಅಂಥ 24 ಅಧ್ಯಯನಗಳನ್ನು, 17,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟು ಮಾಡಿ ನೋಡಿದರು. ಹಿಂಸೆಯ ಆಟ ಆಡಿದವರಲ್ಲಿ ಮುಂದೆ ಹೊಡೆದಾಟ ಸ್ವಲ್ಪ ಜಾಸ್ತಿ ಕಂಡಿತು. ಆ ‘ಸ್ವಲ್ಪ’ ಎಷ್ಟು? ಮಕ್ಕಳ ನಡುವಿನ ಜಗಳಗಂಟತನದ ವ್ಯತ್ಯಾಸವನ್ನು ನೂರು ಪಾಲು ಮಾಡಿದರೆ, ಆಟದ ಪಾಲಿಗೆ ಬರುವುದು ಒಂದಕ್ಕಿಂತ ಕಡಿಮೆ. ಆ್ಯಂಡರ್ಸನ್ ತಂಡದ ದೊಡ್ಡ ಅಂದಾಜು ಹಿಡಿದರೂ ನಾಲ್ಕರ ಒಳಗೇ.

2019ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರಿಟನ್ನಿನ 14–15 ವರ್ಷದ ಸುಮಾರು ಸಾವಿರ ಮಕ್ಕಳನ್ನು ನೋಡಿದರು. ಹೇಗೆ ಲೆಕ್ಕ ಹಾಕುತ್ತೇವೆ ಎಂಬುದನ್ನು ಮೊದಲೇ ಬರೆದಿಟ್ಟರು. ಅಂದರೆ ಆಮೇಲೆ ಅನುಕೂಲಕ್ಕೆ ತಕ್ಕಂತೆ ಲೆಕ್ಕ ಬದಲಿಸುವ ಬಾಗಿಲು ಮುಚ್ಚಿದರು. ನಡತೆಯ ಬಗ್ಗೆ ಪೋಷಕರನ್ನು ಕೇಳಿದರು, ಆಟದ ಹಿಂಸೆಯನ್ನು ಅಧಿಕೃತ ರೇಟಿಂಗ್‌ನಿಂದ ಅಳೆದರು. ನಂಟು ಸಿಗಲಿಲ್ಲ. ಅದಕ್ಕೂ ಮೊದಲು ಜರ್ಮನಿಯಲ್ಲಿ ದೊಡ್ಡವರಿಗೆ ಎರಡು ತಿಂಗಳು ದಿನವೂ ಹಿಂಸೆಯ ಆಟ ಆಡಿಸಿ ನೋಡಿದಾಗಲೂ ಸ್ವಭಾವ ಬದಲಾಗಿರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಎಪಿಎ 2020ರಲ್ಲಿ ತೆಗೆದುಕೊಂಡ ನಿಲುವು ಎಚ್ಚರಿಕೆಯದ್ದು. ಕಿರುಚುವುದು, ತಳ್ಳುವುದು ಇಂಥವುಗಳ ಜೊತೆ ಸಣ್ಣ ನಂಟಿದೆ. ಗುಂಡಿನ ದಾಳಿಯಂಥ ಅಪರಾಧಕ್ಕೆ ಆಟವೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ. ನನ್ನ ದೃಷ್ಟಿಯಲ್ಲಿ ಈಗಿನ ಮಟ್ಟಿಗೆ ಇದೇ ಪ್ರಾಮಾಣಿಕ ಉತ್ತರ. ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ಗೇಮ್ ಹುಚ್ಚು ಯಾರಿಗೂ ಕಡಿಮೆಯಿಲ್ಲ, ಕೊಲೆಗಳು ಮಾತ್ರ ತೀರಾ ಕಡಿಮೆ. ಮಕ್ಕಳಿಗೆ ಹಿಂಸೆಯ ಗೇಮ್ ಮಾರಬಾರದು ಎಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 7–2 ಮತದಿಂದ ರದ್ದು ಮಾಡಿದ್ದಕ್ಕೆ ಪುರಾವೆಯ ಈ ಬಡತನವೂ ಒಂದು ಕಾರಣ.

ಟಿವಿ ಕಲಿಸುವುದು ಹೊಡೆತವೋ, ಭಯವೋ?

ಟಿವಿಯ ಲೆಕ್ಕ ಇನ್ನೂ ಹಳೆಯದು. 1977ರಲ್ಲಿ ಷಿಕಾಗೊ ಭಾಗದ 6ರಿಂದ 10 ವರ್ಷದ ಮಕ್ಕಳನ್ನು ಹಿಡಿದು, 15 ವರ್ಷ ಬಿಟ್ಟು ಅವರಲ್ಲಿ 300ಕ್ಕೂ ಹೆಚ್ಚು ಜನರನ್ನು ಮತ್ತೆ ಮಾತಾಡಿಸಿದರು. ಚಿಕ್ಕಂದಿನಲ್ಲಿ ಹಿಂಸೆಯ ಕಾರ್ಯಕ್ರಮ ಹೆಚ್ಚು ನೋಡಿದವರು ದೊಡ್ಡವರಾದ ಮೇಲೆ ಹೆಚ್ಚು ಜಗಳಗಂಟರಾಗಿದ್ದರು. ಇಲ್ಲಿ ವಯಸ್ಸು ಗಮನಿಸಬೇಕು. ಆರು ವರ್ಷದ ಮಗುವಿಗೆ ಕಥೆ ಯಾವುದು, ನಿಜ ಯಾವುದು ಎಂಬ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ದೂರದರ್ಶನದ ಶಕ್ತಿಮಾನ್ ಕಾಲದಲ್ಲಿ ಮಕ್ಕಳು ಸಾಹಸ ಮಾಡಲು ಹೋಗಿ ಅಪಾಯ ತಂದುಕೊಂಡ ಸುದ್ದಿಗಳು ಬಂದಿದ್ದವು. ಕೊನೆಗೆ ನಾಯಕನೇ ತೆರೆಯ ಮೇಲೆ ಬಂದು ಹಾಗೆ ಮಾಡಬೇಡಿ ಎಂದು ಹೇಳುತ್ತಿದ್ದ. ಹದಿನಾರರ ಹುಡುಗನಿಗೂ ಆರರ ಮಗುವಿಗೂ ಒಂದೇ ನಿಯಮ ಹಾಕುವುದು ತಪ್ಪಾಗುವುದು ಇದಕ್ಕೇ.

ಅನುಕರಣೆಗಿಂತ ಹೆಚ್ಚು ಜನರನ್ನು ಮುಟ್ಟುವ ಪರಿಣಾಮ ಇನ್ನೊಂದಿದೆ. ಜಾರ್ಜ್ ಗರ್ಬ್ನರ್ ಎಂಬ ಅಮೆರಿಕದ ಸಂಶೋಧಕರು ಅದನ್ನು ಕ್ರೂರ ಜಗತ್ತಿನ ಭ್ರಮೆ ಎಂಬ ಅರ್ಥದಲ್ಲಿ ವಿವರಿಸಿದರು. ಟಿವಿ ಜಾಸ್ತಿ ನೋಡುವವರಿಗೆ ಹೊರಗಿನ ಪ್ರಪಂಚ ಇರುವುದಕ್ಕಿಂತ ಅಪಾಯಕಾರಿ ಅನಿಸುತ್ತದೆ, ಯಾರನ್ನೂ ನಂಬಬಾರದು ಅನಿಸುತ್ತದೆ. ಸಿಸಿಟಿವಿ ತುಣುಕನ್ನು ಕೆಂಪು ವೃತ್ತ ಹಾಕಿ ಹತ್ತು ಸಲ ತೋರಿಸುವ ಕ್ರೈಂ ಸುದ್ದಿ ಮಕ್ಕಳ ಊಟದ ಹೊತ್ತಿಗೇ ಓಡುತ್ತಿರುತ್ತದೆ. ಮಗು ಅದರಿಂದ ಕೊಲೆ ಕಲಿಯದೇ ಇರಬಹುದು. ಭಯ ಕಲಿಯುತ್ತದೆ.

ಇದಕ್ಕೆ ನಿಯಮ ಇಲ್ಲದೇ ಇಲ್ಲ. ಹೆಚ್ಚು ಮಕ್ಕಳು ನೋಡುವ ಹೊತ್ತಿನಲ್ಲಿ ಅವರಿಗೆ ತಕ್ಕದ್ದಲ್ಲದ ಕಾರ್ಯಕ್ರಮ ಹಾಕಬಾರದು ಎಂದು 1994ರ ಕೇಬಲ್ ಟಿವಿ ನಿಯಮಗಳೇ ಹೇಳುತ್ತವೆ. ಆ ನಿಯಮಕ್ಕೆ ಹೊತ್ತು ಅನ್ನುವುದು ಬೇಕು. ಫೋನಿಗೆ ಹೊತ್ತು ಗೊತ್ತಿಲ್ಲ.

ಲೆಕ್ಕಕ್ಕೆ ಬಾರದ ಹಿಂಸೆ

ಬಂಡೂರ ಅವರ ಮೊದಲ ಪ್ರಯೋಗದಲ್ಲಿ ಗೊಂಬೆಗೆ ಹೊಡೆದದ್ದು ಪರದೆಯ ಮೇಲಿನ ಪಾತ್ರವಲ್ಲ, ಕಣ್ಣೆದುರಿನ ದೊಡ್ಡ ಮನುಷ್ಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಕರ್ನಾಟಕದ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ರಾಜ್ಯಗಳ ಪೈಕಿ ಅದೇ ಅತಿ ಹೆಚ್ಚು. ದೇಶದ ಸರಾಸರಿ ಶೇ 29. ಆ ಮನೆಗಳಲ್ಲಿ ಮಕ್ಕಳಿಲ್ಲವೇ? ಅವರು ನೋಡುವ ಹೊಡೆತಕ್ಕೆ ರೇಟಿಂಗ್ ಇಲ್ಲ, ಹೊಡೆದವರಿಗೆ ಹೆಚ್ಚಾಗಿ ಶಿಕ್ಷೆಯೂ ಇಲ್ಲ. ಶಿಕ್ಷೆ ಕಾಣದ ಮಗು ಏನು ಮಾಡುತ್ತದೆ ಎಂದು ಬಂಡೂರ ಆಗಲೇ ತೋರಿಸಿದ್ದಾರೆ. ಮಕ್ಕಳ ಹಿಂಸೆಯ ಚರ್ಚೆ ಪ್ರತಿ ಸಲ ಫೋನಿನಿಂದ ಶುರುವಾಗಿ ಫೋನಿನಲ್ಲೇ ಮುಗಿಯುವುದು ನೋವಿನ ಸಂಗತಿ.

ಮುಂದೇನಾಗಬಹುದು

ಗನ್ ಆಟಗಳನ್ನೇ ಬ್ಯಾನ್ ಮಾಡಿದರೆ ಏನಾಗುತ್ತದೆ ಎಂದು ಈಗಾಗಲೇ ನೋಡಿದ್ದೇವೆ. ಒಂದು ಹೋದರೆ ಇನ್ನೊಂದು ಬರುತ್ತದೆ, ಇಲ್ಲವೇ ತಡೆ ದಾಟಿಸುವ ವಿಪಿಎನ್ ಆ್ಯಪ್ ಬರುತ್ತದೆ. ರಕ್ತಕ್ಕೆ ಹಸಿರು ಬಣ್ಣ ಹಚ್ಚುವುದೂ ಆಗಿದೆ. ಬಿಜಿಎಂಐ ಅದನ್ನೇ ಮಾಡಿತು. ಬಣ್ಣ ಬದಲಾದರೆ ಊಟದ ಹೊತ್ತಿನ ಜಗಳ ನಿಲ್ಲುವುದಿಲ್ಲ.

ಹೊತ್ತು ಕಟ್ಟುವುದು ಸರಿಯಾದ ದಿಕ್ಕು, ಆದರೆ ಸುಲಭವಲ್ಲ. ದಕ್ಷಿಣ ಕೊರಿಯಾ 2011ರಿಂದ 16ರ ಒಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ಆನ್‌ಲೈನ್ ಆಟ ಬಂದ್ ಮಾಡಿತ್ತು. ಮೊಬೈಲ್ ಆಟಗಳಿಗೆ ಅದು ಅನ್ವಯವಾಗುತ್ತಿರಲಿಲ್ಲ, ಮಕ್ಕಳೆಲ್ಲ ಮೊಬೈಲಿಗೇ ಹೋದರು. 2022ರ ಆರಂಭಕ್ಕೆ ಆ ಕಾನೂನನ್ನೇ ಕೈಬಿಟ್ಟರು. ಬಿಜಿಎಂಐ ಕೂಡ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿದೆ, ಪೋಷಕರ ಫೋನಿಗೆ ಒಟಿಪಿ ಕಳಿಸುವ ಏರ್ಪಾಡು ತಂದಿತ್ತು. 2023ರ ಡೇಟಾ ರಕ್ಷಣೆ ಕಾಯ್ದೆಯೂ 18ರ ಒಳಗಿನವರಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಮಗ ಆಡುತ್ತಿರುವುದೇ ಅಪ್ಪನ ಫೋನಿನಲ್ಲಿ. ಒಟಿಪಿ ಬಂದಿದ್ದನ್ನು ಮೊದಲು ನೋಡುವವನೂ ಅವನೇ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ತೊಂದರೆ 2022ರಿಂದ ಇದೆ. ಆಟ ಹಿಡಿತಕ್ಕೆ ಸಿಗದಿರುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ನಷ್ಟ ಕಂಡರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ 12 ತಿಂಗಳು ಕಾಣಬೇಕು. ಆಟದಲ್ಲಿ ಗನ್ ಇದೆಯಾ ಎಂಬ ಪ್ರಶ್ನೆ ಅಲ್ಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ತೊಂದರೆಗೆಂದು ಶಟ್ ಕ್ಲಿನಿಕ್ ತೆರೆಯಿತು. ಅಂಥ ಸೇವೆ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಗುವ ಹಾಗಾದರೆ ಕಾಕತಿಯಂಥ ಊರಿನ ತಂದೆಗೆ ಫೋನ್ ಕಿತ್ತುಕೊಳ್ಳುವುದನ್ನು ಬಿಟ್ಟು ಇನ್ನೊಂದು ದಾರಿ ಇರುತ್ತದೆ.

ಸಿನಿಮಾಗೆ 2024ರಿಂದ ಯುಎ 7+, 13+, 16+ ಎಂಬ ವಯಸ್ಸಿನ ಗುರುತು ಬಂದಿದೆ. ಗೇಮ್‌ಗೆ ಸೆನ್ಸಾರ್ ಮಂಡಳಿಯಂಥ ಸಂಸ್ಥೆ ನಮ್ಮಲ್ಲಿಲ್ಲ. ಪ್ಲೇ ಸ್ಟೋರ್‌ನಲ್ಲಿ ಕಾಣುವ ವಯಸ್ಸು, ಆಟ ತಯಾರಿಸಿದವರೇ ತುಂಬಿದ ಪ್ರಶ್ನಾವಳಿಯಿಂದ ಬಂದದ್ದು. 2025ರ ಕಾಯ್ದೆ ಒಂದು ಪ್ರಾಧಿಕಾರಕ್ಕೆ ಜಾಗ ಮಾಡಿಕೊಟ್ಟಿದೆ. ಯಾವುದು ದುಡ್ಡಿನ ಆಟ ಎಂದು ತೀರ್ಮಾನಿಸುವುದು, ಉಳಿದ ಆಟಗಳನ್ನು ನೋಂದಾಯಿಸುವುದು, ದೂರು ಕೇಳುವುದು ಅದರ ಕೆಲಸ. ನೋಂದಣಿ ಮಾಡುವಾಗ ಇನ್ನೆರಡು ಪ್ರಶ್ನೆ ಕೇಳಲು ಅಡ್ಡಿಯೇನಿದೆ? ಈ ಆಟ ಎಷ್ಟು ವಯಸ್ಸಿನವರಿಗೆ? ಒಂದು ಪಂದ್ಯ ಎಷ್ಟು ನಿಮಿಷದ್ದು, ಅದು ಮುಗಿಯಲು ಇನ್ನೆಷ್ಟು ಬಾಕಿ ಇದೆ ಎನ್ನುವುದು ಬಾಗಿಲಲ್ಲಿ ನಿಂತ ಅಮ್ಮನಿಗೂ ಕಾಣುತ್ತದಾ?